ಗಡಿನಾಡಿನ ಕುದುರೆ, ದಿಕ್ಕು ಬದಲಿಸುವ ನದಿ

ಚೀನೀ ಭಾಷೆಯಲ್ಲಿ ಅದೃಷ್ಟದ ಏರಿಳಿತವನ್ನು ಹೇಳುವ ನುಡಿಗಟ್ಟುಗಳು ಹೇರಳ. ಬಹುಪಾಲು ನಾಲ್ಕೇ ಅಕ್ಷರಗಳ ಇವನ್ನು ‘ಚೆಂಗ್‌ಯು’ ಎನ್ನುತ್ತಾರೆ. ಹುಟ್ಟಿದ ಕಾಲಕ್ಕೆ ತಕ್ಕಂತೆ ಜೋಡಿಸಿ ನೋಡಿದರೆ, ಅದೃಷ್ಟವನ್ನು ತಿರುಗಿಸುವವರು ಯಾರು ಎಂಬ ಪ್ರಶ್ನೆಗೆ ಸಿಕ್ಕ ಉತ್ತರ ಮೆಲ್ಲಮೆಲ್ಲನೆ ಬದಲಾದದ್ದು ತಿಳಿಯುತ್ತದೆ.

ಹಳೆಯ ಉತ್ತರ ಸೃಷ್ಟಿನಿಯಮದ್ದು. ‘ಪಿ ಜಿ ಥಾಯ್ ಲಾಯ್’ ಎಂದರೆ ಕೇಡು ತುತ್ತತುದಿ ಮುಟ್ಟಿದಾಗ ಒಳಿತು ಬರುತ್ತದೆ ಎಂದು. ಇದರ ಬೇರು ‘ಯಿಜಿಂಗ್’ ಗ್ರಂಥದ 64 ರೇಖಾಚಿಹ್ನೆಗಳಲ್ಲಿದೆ. ‘ಥಾಯ್’ ಚಿಹ್ನೆಯಲ್ಲಿ ಭೂಮಿ ಮೇಲೆ, ಆಕಾಶ ಕೆಳಗೆ. ಏರುವ ಆಕಾಶವೂ ಇಳಿಯುವ ಭೂಮಿಯೂ ನಡುವೆ ಸಂಧಿಸುವುದರಿಂದ ಅದು ಶುಭ. ‘ಪಿ’ ಚಿಹ್ನೆಯಲ್ಲಿ ಎರಡೂ ತಮ್ಮ ತಮ್ಮ ಜಾಗದಲ್ಲೇ ಇದ್ದು ದೂರ ಸರಿಯುತ್ತವೆ. ಗ್ರಂಥದಲ್ಲಿ ಥಾಯ್ 11ನೆಯದು, ಪಿ 12ನೆಯದು. ಒಳಿತಿನ ಬೆನ್ನಿಗೇ ಕೇಡು. ಜನರ ಬಾಯಲ್ಲಿ ಆ ಕ್ರಮ ತಿರುಗುಮುರುಗಾಗಿ ಭರವಸೆಯಾಯಿತು.

ಮುಂದಿನ ಕಥೆ ಎಲ್ಲಕ್ಕಿಂತ ಆಳವಾದದ್ದು. ಕ್ರಿ.ಪೂ. 139ರಲ್ಲಿ ಅರಸ ಲಿಯು ಆನ್ ಹಾನ್ ಚಕ್ರವರ್ತಿ ವೂಗೆ ಒಪ್ಪಿಸಿದ ‘ಹ್ವಾಯ್‌ನಾನ್‌ಜಿ’ ಗ್ರಂಥದಲ್ಲಿ ಗಡಿನಾಡಿನ ಒಂದು ಕುಟುಂಬದ ಕುದುರೆ ಗಡಿಯಾಚೆಯ ಹೂ ಜನರ ಸೀಮೆಗೆ ಓಡಿಹೋಗುತ್ತದೆ. ಸಂತೈಸಲು ಬಂದವರಿಗೆ ಮನೆಯ ಹಿರಿಯ, ಇದರಿಂದ ಒಳಿತಾದೀತು ಎನ್ನುತ್ತಾನೆ. ಕೆಲವು ತಿಂಗಳಲ್ಲಿ ಅದು ಹೂ ಸೀಮೆಯ ಉತ್ತಮ ಕುದುರೆಗಳೊಂದಿಗೆ ಮರಳುತ್ತದೆ. ಈಗ ಅವನು ಕೇಡಿನ ಮಾತಾಡುತ್ತಾನೆ. ಮಗ ಸವಾರಿಗೆ ಹೋಗಿ ಬಿದ್ದು ತೊಡೆ ಮುರಿದುಕೊಳ್ಳುತ್ತಾನೆ. ವರ್ಷದ ಬಳಿಕ ಹೂ ದಂಡು ನುಗ್ಗಿದಾಗ ಕಾದಾಡಿದ ಗಡಿಯವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಸಾಯುತ್ತಾರೆ. ಕುಂಟನಾದ ಮಗ ಬದುಕುತ್ತಾನೆ. ‘ಸಾಯ್ ವೆಂಗ್ ಶಿ ಮಾ’, ಅಂದರೆ ಗಡಿಯ ಮುದುಕ ಕುದುರೆ ಕಳೆದುಕೊಂಡ, ಎಂಬ ನುಡಿಗಟ್ಟು ಈ ಕಥೆಯದು. ಇಂದು ಅದನ್ನು ನಷ್ಟವಾದವರಿಗೆ ಸಮಾಧಾನವಾಗಿ ಹೇಳುತ್ತಾರೆ. ಲಾಭ ಬಂದಾಗಲೂ ಅವನು ಅಷ್ಟೇ ಎಚ್ಚರದಿಂದಿದ್ದದ್ದು ಹಿಂದೆ ಸರಿದಿದೆ. ನನಗೆ ಇದು ದೊಡ್ಡ ನಷ್ಟವೆನಿಸುತ್ತದೆ, ಏಕೆಂದರೆ ಕಥೆಯ ತೂಕವಿರುವುದೇ ಆ ಎರಡನೆಯ ಅರ್ಧದಲ್ಲಿ.

ಆಮೇಲೆ ಮನುಷ್ಯನ ಛಲಕ್ಕೆ ಪಾಲು ಸಿಕ್ಕಿತು. ‘ಕಟ್ಟಿಗೆಯ ಮೇಲೆ ಮಲಗಿ ಪಿತ್ತ ನೆಕ್ಕುವುದು’ ಎಂಬ ನುಡಿಗಟ್ಟಿನ ಹಿಂದಿನ ಘಟನೆ ಹಳೆಯದು, ನುಡಿಗಟ್ಟು ತಡವಾಗಿ ಬಂದದ್ದು. ಕ್ರಿ.ಪೂ. 494ರಲ್ಲಿ ವೂ ರಾಜ್ಯಕ್ಕೆ ಸೋತ ಯುಯೆ ರಾಜ ಗೋಜಿಯನ್ ಕ್ರಿ.ಪೂ. 473ರಲ್ಲಿ ಆ ರಾಜ್ಯವನ್ನೇ ಅಳಿಸಿದ. ಇತಿಹಾಸಕಾರ ಸಿಮಾ ಚಿಯನ್ ಬರೆದದ್ದು ಅವನು ಸೋಲನ್ನು ಮರೆಯದಿರಲು ಕಹಿ ಪಿತ್ತಕೋಶ ನೆಕ್ಕುತ್ತಿದ್ದುದನ್ನು ಮಾತ್ರ. ಕಟ್ಟಿಗೆಯ ಮೇಲೆ ಮಲಗುತ್ತಿದ್ದನೆಂಬುದು ಬಹಳ ಕಾಲದ ಮೇಲೆ ಸೇರಿಕೊಂಡಿತು. ಕಹಿ ತೀರಿ ಸಿಹಿ ಬಂತೆಂಬ ಮಾತನ್ನು ಯುವಾನ್ ಕಾಲದ ನಾಟಕಗಳು ಬಳಕೆಗೆ ತಂದವು.

ಕೊನೆಯ ಉತ್ತರ ನದಿಯದು. ಹಳದಿ ನದಿ ಪಾತ್ರ ಬದಲಿಸಿದಾಗ ಪೂರ್ವ ದಂಡೆಯ ಊರು ಪಶ್ಚಿಮಕ್ಕೆ ಬೀಳುತ್ತದೆ. ಅದರಿಂದ ಹುಟ್ಟಿದ ‘ಮೂವತ್ತು ವರ್ಷ ನದಿಯ ಪೂರ್ವ, ಮೂವತ್ತು ವರ್ಷ ಪಶ್ಚಿಮ’ ಎಂಬ ಗಾದೆ 18ನೆಯ ಶತಮಾನದ ಲೇಖಕ ವೂ ಜಿಂಗ್‌ಜಿಯ ಕಾದಂಬರಿಯಲ್ಲಿ ಮನೆತನಗಳ ಇಳಿಗಾಲವನ್ನು ಹೇಳುತ್ತದೆ. 20ನೆಯ ಶತಮಾನದ ಕೊನೆಗೆ ಪೀಕಿಂಗ್ ವಿಶ್ವವಿದ್ಯಾಲಯದ ಸಂಸ್ಕೃತ ವಿದ್ವಾಂಸ ಜಿ ಶಿಯಾನ್‌ಲಿನ್ ಅದನ್ನು ನಾಗರಿಕತೆಗಳಿಗೇ ಅನ್ವಯಿಸಿ, ಮುಂದಿನ ಸರದಿ ಪೂರ್ವದ್ದು ಎಂದು ವಾದಿಸಿದರು. ಸಾಂಸ್ಕೃತಿಕ ಕ್ರಾಂತಿಯಲ್ಲಿ ಅವಮಾನ ಉಂಡು, ವಸತಿಗೃಹದ ಬಾಗಿಲು ಕಾಯುತ್ತಿದ್ದಾಗ ವಾಲ್ಮೀಕಿ ರಾಮಾಯಣವನ್ನು ಗುಟ್ಟಾಗಿ ಚೀನೀ ಭಾಷೆಗೆ ತಂದವರು ಅವರು. 2008ರಲ್ಲಿ ಭಾರತ ಅವರಿಗೆ ಪದ್ಮಭೂಷಣ ನೀಡಿತು.