ಬೀಟೆಮರ ಮತ್ತು ಜಪಾನಿನ ಕೈಗೆಲಸದ ಗಿಟಾರ್

ಜಪಾನಿನ ಕ್ಲಾಸಿಕಲ್ ಗಿಟಾರ್ ತಯಾರಿಕೆಗೆ ವಿಶ್ವಮನ್ನಣೆ ತಂದವರಲ್ಲಿ ಮಸಾರು ಕೋಹ್ನೊ (1926-1998) ಪ್ರಮುಖರು. 1960ರಲ್ಲಿ ಸ್ಪೇನ್‌ಗೆ ತೆರಳಿ ಕಸುಬು ಕಲಿತ ಅವರು, 1967ರಲ್ಲಿ ಬೆಲ್ಜಿಯಂನ ಲೀಜ್ ನಗರದ ಸ್ಪರ್ಧೆಯಲ್ಲಿ ಚಿನ್ನದ ಪದಕ ಗಳಿಸಿದರು.

ಈ ವಾದ್ಯಕ್ಕೂ ಕರ್ನಾಟಕಕ್ಕೂ ಇರುವ ನಂಟು ಬೀಟೆಮರದ್ದು. ಮುಂಭಾಗದ ಹಲಗೆ ಸ್ಪ್ರೂಸ್ ಅಥವಾ ಸೀಡರ್ ಮರದ್ದು. ದಪ್ಪ ಎರಡೂವರೆ ಮಿ.ಮೀ. ಆಸುಪಾಸು. ಅದರ ಒಳಮೈಗೆ ಬೀಸಣಿಗೆಯಾಕಾರದಲ್ಲಿ ಅಂಟಿಸುವ ಸಣ್ಣ ಪಟ್ಟಿಗಳನ್ನು ಎಷ್ಟು ಹೆರೆಯಬೇಕೆಂಬುದರಲ್ಲಿಯೇ ಕುಶಲಕರ್ಮಿಯ ಕೈಗುಣ ಅಡಗಿದೆ. ಹಿಂಬದಿ ಹಾಗೂ ಪಕ್ಕಗಳಿಗೆ ಮಾತ್ರ ದಕ್ಷಿಣ ಭಾರತದ ಕಾಡುಗಳ ಬೀಟೆಗೇ ಹೆಚ್ಚು ಮನ್ನಣೆ. ತೆಳುವಾಗಿ ಸೀಳಿದ ಹಲಗೆಯನ್ನು ನೀರು ಮತ್ತು ಶಾಖದಿಂದ ಬಾಗಿಸಲಾಗುತ್ತದೆ. ಬೀಟೆಯ ವಾದ್ಯಗಳಿಗೆ 2017ರಲ್ಲಿ ಬಂದ ಅಂತರರಾಷ್ಟ್ರೀಯ ವಹಿವಾಟು ನಿರ್ಬಂಧವು 2019ರಲ್ಲಿ ಸಡಿಲಗೊಂಡಿತು.

ಕೆಜಿಎಫ್, ಬಂಗಾರಪೇಟೆ ಭಾಗದ ಬೇಸಿಗೆಯ ಒಣಹವೆ ಇಂತಹ ಹಳೆಯ ವಾದ್ಯಕ್ಕೆ ಹಿತಕರವಲ್ಲ. ತೇವಾಂಶ ಶೇ 40ಕ್ಕಿಂತ ಕೆಳಗಿಳಿದರೆ ಹಲಗೆ ಕುಗ್ಗಿ ಬಿರುಕು ಬಿಡಬಹುದು. ಆದ್ದರಿಂದ ಗೋಡೆಗೆ ತೂಗುಹಾಕದೆ ಪೆಟ್ಟಿಗೆಯಲ್ಲಿಡುವುದು ಲೇಸು. ಅದಕ್ಕಿಂತ ದೊಡ್ಡ ಅಪಾಯ ಉಕ್ಕಿನ ತಂತಿಯದು. ನೈಲಾನ್ ತಂತಿಗೆಂದೇ ರೂಪಿಸಿದ ಈ ಗಿಟಾರ್‌ಗೆ ಉಕ್ಕಿನ ತಂತಿ ಬಿಗಿದರೆ ಕುದುರೆಯೇ ಕಿತ್ತುಬರುವ ಸಂಭವವಿದೆ. ಅಸಲಿಯೇ ಎಂದು ತಿಳಿಯಬಯಸುವವರು ನಾದರಂಧ್ರದೊಳಗಿನ ಚೀಟಿಯಲ್ಲಿ ತಯಾರಕರ ಹೆಸರು, ಇಸವಿಗಳನ್ನು ಮೊದಲು ನೋಡಬೇಕು.