ಲಯನ್ಸ್ ಗೆದ್ದ 1971ರ ಸರಣಿ
ಬ್ರಿಟಿಷ್ ಮತ್ತು ಐರಿಷ್ ಲಯನ್ಸ್ ರಗ್ಬಿ ತಂಡ ನ್ಯೂಜಿಲೆಂಡ್ ನೆಲದಲ್ಲಿ ಟೆಸ್ಟ್ ಸರಣಿ ಗೆದ್ದದ್ದು ಒಮ್ಮೆ ಮಾತ್ರ, 1971ರಲ್ಲಿ. ನಾಯಕ ಜಾನ್ ಡಾವ್ಸ್, ತರಬೇತುದಾರ ಕಾರ್ವಿನ್ ಜೇಮ್ಸ್, ಇಬ್ಬರೂ ವೇಲ್ಸ್‌ನವರು. ಮೊದಲ ಟೆಸ್ಟ್‌ಗೆ ಮುನ್ನ ಕ್ಯಾಂಟರ್ಬರಿ ವಿರುದ್ಧ ನಡೆದ ಒರಟು ಪಂದ್ಯದಲ್ಲಿ ಸ್ಯಾಂಡಿ ಕಾರ್ಮೈಕಲ್ ಅವರ ಕೆನ್ನೆಯ ಮೂಳೆ, ರೇ ಮೆಕ್‌ಲಾಫ್ಲಿನ್ ಅವರ ಹೆಬ್ಬೆರಳು ಮುರಿದವು. ಮುಂಚೂಣಿಯ ಈ ಇಬ್ಬರು ಪ್ರಾಪ್‌ಗಳಿಲ್ಲದೆಯೂ ಲಯನ್ಸ್ ಡನೀಡನ್‌ನ ಮೊದಲ ಟೆಸ್ಟ್ ಅನ್ನು 9–3ರಿಂದ ಗೆದ್ದಿತು. ಅಲ್ಲಿನ ಏಕೈಕ ಟ್ರೈ (ಎದುರಾಳಿಯ ಗೋಲ್ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸುವುದು) ಇಯಾನ್ ಮೆಕ್‌ಲಾಕ್ಲನ್ ಅವರದು: ಎದುರಾಳಿ ಒದ್ದ ಚೆಂಡಿಗೆ ಮೈಯೊಡ್ಡಿ, ಪುಟಿದದ್ದರ ಮೇಲೆ ಎರಗಿದರು.

ಕ್ರೈಸ್ಟ್‌ಚರ್ಚ್‌ನಲ್ಲಿ ನ್ಯೂಜಿಲೆಂಡ್ 22–12ರಿಂದ ತಿರುಗಿಬಿದ್ದಿತು. ವೆಲ್ಲಿಂಗ್ಟನ್‌ನ ಟೆಸ್ಟ್ 13–3ರಿಂದ ಲಯನ್ಸ್ ಪಾಲಾಯಿತು. ಆಕ್ಲೆಂಡ್‌ನ ಕೊನೆಯ ಟೆಸ್ಟ್‌ನಲ್ಲಿ ಫುಲ್‌ಬ್ಯಾಕ್ ಜೆ.ಪಿ.ಆರ್. ವಿಲಿಯಮ್ಸ್ ಬಹುದೂರದಿಂದ ಡ್ರಾಪ್ ಗೋಲ್ (ಚೆಂಡನ್ನು ನೆಲಕ್ಕೆ ಬಿಟ್ಟು ಪುಟಿದೊಡನೆ ಒದೆಯುವ ಗೋಲ್) ಬಾರಿಸಿದ್ದು ಸರಣಿಯ ಅತಿ ಧೈರ್ಯದ ಕ್ಷಣ. ನ್ಯೂಜಿಲೆಂಡ್ 14–14ಕ್ಕೆ ಸಮ ಮಾಡಿಕೊಂಡರೂ ಸರಣಿ 2–1ರಿಂದ ಲಯನ್ಸ್‌ಗೇ ಸಂದಿತು.