ಚಲಿಸುತ್ತಿರುವ ಸರಕು ವಾಹನವನ್ನು ನಾಲ್ಕು ಚಕ್ರ ಚಾಲನೆಗೆ ಬದಲಾಯಿಸುವ ಕ್ರಮ: ಚಾಲಕರಿಗೆ ಮಾಹಿತಿ

ಪೀಠಿಕೆ

ಬೆಂಗಳೂರಿನ ಲಗ್ಗೆರೆ ಮತ್ತು ಪೀಣ್ಯ ಕೈಗಾರಿಕಾ ಪ್ರದೇಶದಿಂದ ಮಲೆನಾಡಿಗೆ ಹೊರಡುವ ಸರಕು ವಾಹನಗಳು ಹೊರವರ್ತುಲ ರಸ್ತೆ, ಗೊರಗುಂಟೆಪಾಳ್ಯ, ನೆಲಮಂಗಲ ಮಾರ್ಗವಾಗಿ ಹಾಸನ ಹಾಗೂ ಸಕಲೇಶಪುರದ ಕಡೆಗೆ ಸಾಗುತ್ತವೆ. ಹೆದ್ದಾರಿಯಲ್ಲಿ ಹಿಂದಿನ ಎರಡು ಚಕ್ರಗಳ ಚಾಲನೆಯೇ ಸಾಕು. ಆದರೆ ಮುಂಗಾರಿನಲ್ಲಿ ಕಾಫಿ ತೋಟಗಳ ಒಳದಾರಿಗಳು ಕೆಸರುಮಯವಾಗುವುದರಿಂದ ನಾಲ್ಕೂ ಚಕ್ರಗಳ ಚಾಲನೆ ಅಗತ್ಯವಾಗುತ್ತದೆ. ಚಕ್ರ ಜಾರುವ ಮುನ್ನವೇ ಈ ಚಾಲನೆಗೆ ಬದಲಾಯಿಸುವುದು ಹಾಗೂ ಡಾಂಬರು ರಸ್ತೆಗೆ ಮರಳಿದ ಕೂಡಲೇ ಅದನ್ನು ಬಿಡಿಸುವುದು ಚಾಲಕರು ನೆನಪಿಡಬೇಕಾದ ಮುಖ್ಯ ನಿಯಮವಾಗಿದೆ.

ಕಾರ್ಯವಿಧಾನ

ಅಗತ್ಯವಿದ್ದಾಗ ಮಾತ್ರ ನಾಲ್ಕು ಚಕ್ರ ಚಾಲನೆ ಬಳಸುವ ವಾಹನಗಳಲ್ಲಿ ಗೇರ್ ಬಾಕ್ಸ್‌ನ ಹಿಂದೆ ಟ್ರಾನ್ಸ್‌ಫರ್ ಕೇಸ್ ಇರುತ್ತದೆ. ಇದು ಎಂಜಿನ್ ಶಕ್ತಿಯನ್ನು ಮುಂದಿನ ಆಕ್ಸಲ್‌ಗೂ ತಲುಪಿಸುತ್ತದೆ. ಇದರಲ್ಲಿ ಸಾಮಾನ್ಯವಾಗಿ ಮೂರು ಸ್ಥಾನಗಳಿರುತ್ತವೆ.

2ಎಚ್: ಹಿಂದಿನ ಚಕ್ರಗಳಿಗೆ ಮಾತ್ರ ಚಾಲನೆ; ಸಾಮಾನ್ಯ ರಸ್ತೆಗೆ.
4ಎಚ್: ನಾಲ್ಕೂ ಚಕ್ರಗಳಿಗೆ ಚಾಲನೆ, ಕೆಸರು, ಮರಳು ಹಾಗೂ ಸಡಿಲ ಜಲ್ಲಿಯ ದಾರಿಗೆ.
4ಎಲ್: ನಾಲ್ಕೂ ಚಕ್ರಗಳಿಗೆ ಕಡಿಮೆ ವೇಗದಲ್ಲಿ ಹೆಚ್ಚಿನ ಎಳೆತ, ಕಡಿದಾದ ಏರು ಮತ್ತು ಇಳಿಜಾರಿಗೆ.

ಚಲನೆಯಲ್ಲಿ ಬದಲಾಯಿಸುವ ಕ್ರಮ

1. ಚಲಿಸುವಾಗ 2ಎಚ್‌ನಿಂದ 4ಎಚ್‌ಗೆ ಬದಲಾಯಿಸಬಹುದೇ, ಅದಕ್ಕಿರುವ ಗರಿಷ್ಠ ವೇಗ ಎಷ್ಟು ಎಂಬುದನ್ನು ವಾಹನದ ಕೈಪಿಡಿಯಲ್ಲಿ ಮೊದಲೇ ನೋಡಿಕೊಳ್ಳಬೇಕು. ಇದು ಮಾದರಿಯಿಂದ ಮಾದರಿಗೆ ಬೇರೆಯಾಗಿರುತ್ತದೆ.
2. ಮುಂದಿನ ಚಕ್ರಗಳ ಹಬ್‌ಗಳನ್ನು ಕೈಯಿಂದ ಲಾಕ್ ಮಾಡಬೇಕಾದ ಹಳೆಯ ಜೀಪುಗಳಲ್ಲಿ, ವಾಹನವನ್ನು ನಿಲ್ಲಿಸಿ ಆ ಕೆಲಸವನ್ನು ಮೊದಲು ಮುಗಿಸಬೇಕು.
3. ಸ್ಟಿಯರಿಂಗ್ ನೇರವಾಗಿರಬೇಕು. ತಿರುವಿನಲ್ಲಿ ಬದಲಾಯಿಸಬಾರದು.
4. ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಲಿವರ್ ಅಥವಾ ಸ್ವಿಚ್ಚನ್ನು 4ಎಚ್ ಸ್ಥಾನಕ್ಕೆ ತರಬೇಕು. ಲಿವರನ್ನು ಬಲವಂತವಾಗಿ ಎಳೆಯಬಾರದು.
5. ಸೂಚಕ ದೀಪವಿರುವ ವಾಹನಗಳಲ್ಲಿ ಅದು ಮಿನುಗುವುದನ್ನು ನಿಲ್ಲಿಸಿ ಸ್ಥಿರವಾಗಿ ಬೆಳಗಿದ ಮೇಲೆಯೇ ವೇಗ ಹೆಚ್ಚಿಸಬೇಕು.

4ಎಲ್ ಸ್ಥಾನಕ್ಕೆ ವೇಗದಲ್ಲಿರುವಾಗ ಬದಲಾಯಿಸಕೂಡದು. ಕೈಪಿಡಿಯಲ್ಲಿ ಬೇರೆ ಸೂಚನೆ ಇಲ್ಲದಿದ್ದಲ್ಲಿ, ವಾಹನವನ್ನು ನಿಲ್ಲಿಸಿ, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಕ್ಲಚ್ ಒತ್ತಿ ಬದಲಾಯಿಸಬೇಕು.

ಎಚ್ಚರಿಕೆ

ಹಿಂದಿನ ಚಕ್ರ ಕೆಸರಿನಲ್ಲಿ ಸುತ್ತುತ್ತಿರುವಾಗ ಬದಲಾಯಿಸಿದರೆ, ನಿಂತಿರುವ ಮುಂದಿನ ಆಕ್ಸಲ್ ಮತ್ತು ವೇಗವಾಗಿ ತಿರುಗುವ ಹಿಂದಿನ ಆಕ್ಸಲ್ ಒಮ್ಮೆಲೇ ಜೋಡಿಸಲ್ಪಟ್ಟು ಗೇರುಗಳ ಹಲ್ಲು ಮುರಿಯಬಹುದು. ಮೊದಲು ಚಕ್ರ ತಿರುಗುವುದನ್ನು ನಿಲ್ಲಿಸಬೇಕು.

ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸುತ್ತವೆ. ಈ ಬಗೆಯ ವಾಹನಗಳಲ್ಲಿ 4ಎಚ್ ಅಥವಾ 4ಎಲ್ ಸ್ಥಾನದಲ್ಲಿ ಎರಡೂ ಆಕ್ಸಲ್‌ಗಳು ಒಂದೇ ವೇಗದಲ್ಲಿ ತಿರುಗಬೇಕಾಗುತ್ತದೆ. ಕೆಸರಿನಲ್ಲಿ ಚಕ್ರ ಸ್ವಲ್ಪ ಜಾರಿ ಈ ವ್ಯತ್ಯಾಸ ಸರಿಹೋಗುತ್ತದೆ. ಒಣ ಡಾಂಬರಿನ ಮೇಲೆ ಅದಕ್ಕೆ ಅವಕಾಶವಿಲ್ಲ. ಸ್ಟಿಯರಿಂಗ್ ಬಿಗಿಯಾಗಿ, ಘಾಟಿಯ ತಿರುವಿನಲ್ಲಿ ವಾಹನವು ಚಾಲಕನು ಎಣಿಸಿದಷ್ಟು ತಿರುಗದೆ ಹೊರಕ್ಕೆ ಸರಿಯುವ ಅಪಾಯವಿದೆ. ಟೈರು ಮತ್ತು ಟ್ರಾನ್ಸ್‌ಫರ್ ಕೇಸ್ ಸಹ ಬೇಗ ಸವೆಯುತ್ತವೆ. ನಾಲ್ಕೂ ಟೈರುಗಳು ಒಂದೇ ಅಳತೆಯವಾಗಿದ್ದು, ಹೆಚ್ಚುಕಡಿಮೆ ಸಮನಾಗಿ ಸವೆದಿರಬೇಕು.

2ಎಚ್‌ಗೆ ಮರಳುವುದು

ಡಾಂಬರು ರಸ್ತೆ ತಲುಪಿದ ಕೂಡಲೇ, ನೇರವಾಗಿ ಸಾಗುತ್ತಾ, ಆಕ್ಸಿಲರೇಟರ್ ಬಿಟ್ಟು 2ಎಚ್‌ಗೆ ಬದಲಾಯಿಸಬೇಕು. ಸೂಚಕ ದೀಪ ಆರದಿದ್ದಲ್ಲಿ ವಾಹನವನ್ನು ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ, ಹಿಂದೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ಕೆಲವು ಮೀಟರ್ ನೇರವಾಗಿ ಹಿಂದಕ್ಕೆ ಚಲಾಯಿಸಿದರೆ ಬಿಗಿತ ಸಡಿಲಗೊಳ್ಳುತ್ತದೆ.

ವಿಶೇಷ ಸೂಚನೆ

ನಾಲ್ಕು ಚಕ್ರ ಚಾಲನೆಯು ವಾಹನ ಮುಂದೆ ಸಾಗಲು ನೆರವಾಗುತ್ತದೆಯೇ ಹೊರತು ಬ್ರೇಕಿನ ಶಕ್ತಿಯನ್ನು ಹೆಚ್ಚಿಸುವುದಿಲ್ಲ. ಒದ್ದೆ ರಸ್ತೆಯಲ್ಲಿ ನಿಲ್ಲಲು ಬೇಕಾಗುವ ದೂರ ಕಡಿಮೆಯಾಗುವುದಿಲ್ಲ. ಈ ಸೌಲಭ್ಯವಿದೆಯೆಂಬ ಕಾರಣಕ್ಕೆ ನೋಂದಾಯಿತ ತೂಕವನ್ನು ಮೀರಿ ಸರಕು ಹೇರಲು ಅವಕಾಶವಿರುವುದಿಲ್ಲ. ಮೋಟಾರು ವಾಹನಗಳ ಅಧಿನಿಯಮ, 1988ರ 113ನೇ ಪ್ರಕರಣದ ಮಿತಿಗಳು ಇಂತಹ ವಾಹನಗಳಿಗೂ ಅನ್ವಯಿಸುತ್ತವೆ. ತೋಟದ ದಾರಿಗೆ ಇಳಿಯುವ ಮುನ್ನ ಒಂದು ನಿಮಿಷ ನಿಂತು ದಾರಿಯನ್ನು ಪರಿಶೀಲಿಸಿ, ಅಲ್ಲಿಯೇ ಸೂಕ್ತ ಸ್ಥಾನಕ್ಕೆ ಬದಲಾಯಿಸಿಕೊಂಡು ಮುಂದುವರಿಯುವಂತೆ ಚಾಲಕರಲ್ಲಿ ಕೋರಲಾಗಿದೆ.